ಯೊಸೆಮಿಟಿ ಕ್ಯಾಂಪಿಂಗ್: 15ಕ್ಕೆ ಬೇಗ ಏಳಿ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಅಂದಿದ್ದೆವಲ್ಲ, ಅದರ ಬುಕಿಂಗ್ ಫೆಬ್ರುವರಿ 15ರ ಬೆಳಿಗ್ಗೆ 7ಕ್ಕೆ ಶುರು. ಬುಕಿಂಗ್ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಖಾತೆ ಇಲ್ಲದವರು ಇವತ್ತೇ ಮಾಡಿಕೊಳ್ಳಿ. 6:55ಕ್ಕೇ ಲಾಗಿನ್ ಆಗಿ, ಅಪ್ಪರ್ ಪೈನ್ಸ್ ಅನ್ನೋ ಕ್ಯಾಂಪಿಂಗ್ ಮೈದಾನದ ಪುಟ ತೆರೆದು ಕೂತಿರಿ. ಹೋದ ವರ್ಷ ನಾನು ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಎಲ್ಲ ಖಾಲಿ!

ಒಂದು ಸೈಟಿಗೆ, ಅಂದರೆ ಟೆಂಟ್ ಹಾಕುವ ಜಾಗಕ್ಕೆ, ಮಕ್ಕಳೂ ಸೇರಿ 6 ಜನ ಮಾತ್ರ. ನಾವು 16 ಜನ, ಅಂದರೆ 3 ಸೈಟ್ ಬೇಕು. ಮೂರು ಮನೆಯವರು ಒಂದೊಂದು ಹಿಡಿಯಿರಿ. ಅಕ್ಕಪಕ್ಕದ್ದೇ ಬೇಕು ಅಂತ ಸುಮ್ನೆ ಹುಡುಕುತ್ತಾ ಕೂರಬೇಡಿ. ಸಿಗದಿದ್ದರೆ, ರದ್ದಾಗಿ ಬರುವ ಸೈಟುಗಳನ್ನು ದಿನಾ ನೋಡುತ್ತಿರೋಣ.

ಹಾಂ, ಅಲ್ಲಿ ಚಟ್ನಿಪುಡಿ, ಟೂತ್‌ಪೇಸ್ಟ್ ಕೂಡ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲೇ ಇಡಬೇಕು. ರಾತ್ರಿ ಕಾರಿನಲ್ಲಿ ಬಿಟ್ಟರೆ ಬಾಗಿಲೇ ಕಿತ್ತೀತು.

ಯಾವ ಮೂರು ಮನೆ, ರಾತ್ರಿಯೊಳಗೆ ಹೇಳಿ.