ಬೋಟಲ್ಲಿ ಪೇಪರ್ ಚಾರ್ಟೂ ಇರಲಿ

ಮಾನ್ಯ ಸಂಪಾದಕರೇ,

ಈಗ ನಮ್ಮ ಮಂಜೇಶ್ವರ, ಕಾಸರಗೋಡು ಕಡೆ ಬೋಟಿನವರು ಜಿಪಿಎಸ್ ನಂಬಿಯೇ ಕಡಲಿಗೆ ಹೋಗುದು, ಮೀನು ಸಿಕ್ಕಿದ ಜಾಗ, ಬಲೆ ಹರಿಯುವ ಕಲ್ಲು ಎಲ್ಲ ಅದರೊಳಗೇ ಸೇವ್ ಆಗಿರ್ತದೆ, ಒಳ್ಳೇದೇ. ಆದ್ರೆ ಉಪ್ಪುನೀರು ತಾಗಿ ವಯರು ಹಾಳಾದ್ರೆ, ಬ್ಯಾಟರಿ ಇಳಿದ್ರೆ ಏನು ಗತಿ?

ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನ ಪೇಪರ್ ಚಾರ್ಟಲ್ಲಿ, ಅಂದ್ರೆ ಕಾಗದದ ಕಡಲ ನಕ್ಷೆಯಲ್ಲಿ, ಆಳ, ಬಂಡೆ, ಲೈಟ್‌ಹೌಸ್ ಎಲ್ಲ ಉಂಟು. ಅದನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಂಪಾಸಿನ ಹತ್ರ ಇಡಿ, ಗಂಟೆಗೊಮ್ಮೆ ಜಿಪಿಎಸ್ಸಲ್ಲಿ ಅಕ್ಷಾಂಶ ರೇಖಾಂಶ ನೋಡಿ ಪೆನ್ಸಿಲಲ್ಲಿ ಗುರ್ತು ಹಾಕಿ ಟೈಮೂ ಬರೀರಿ, ಜಿಪಿಎಸ್ ಕೆಟ್ರೂ ಆ ಕೊನೇ ಗುರ್ತಿಂದ ದಿಕ್ಕು, ಸ್ಪೀಡು ಲೆಕ್ಕ ಹಾಕಿ ದಡಕ್ಕೆ ಬರ್ಬೋದು.

ಮಳೆಗಾಲದ ಟ್ರೋಲಿಂಗ್ (ಬೋಟಲ್ಲಿ ಬಲೆ ಎಳೆದು ಮೀನು ಹಿಡಿಯುದು) ನಿಷೇಧದ 52 ದಿನ ಬೋಟು ಹೇಗೂ ದಡದಲ್ಲೇ ಇರ್ತದೆ, ಆಗ ಫಿಶರೀಸ್ ಇಲಾಖೆಯವರು ಹುಡುಗರಿಗೆ ಚಾರ್ಟ್ ಓದ್ಲಿಕ್ಕೆ ಕಲಿಸ್ಲಿ, ಕನ್ನಡದಲ್ಲೂ.

- ಓದುಗ, ಮಂಜೇಶ್ವರ