ಮಗಳಿಗೊಂದು ಪತ್ರ: ಬ್ರಷ್ಷಿನ ತುದಿ ಹಿಡಿ

ಪ್ರೀತಿಯ ಪುಟ್ಟಿ,

ಅಜ್ಜಿಯ ಚಿತ್ರ ಬರೆಯುವಾಗ ತೆಗೆದು ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಅಜ್ಜಿಯ ಮುಖ ಚೆನ್ನಾಗಿಯೇ ಬಂದಿದೆ. ಆದರೆ ಎಷ್ಟು ತಿದ್ದಿದರೂ ಬಿಗಿಯಾಗೇ ಕಾಣುತ್ತೆ ಅಂತ ಗೊಣಗಿದ್ದೀಯಲ್ಲ, ಅದಕ್ಕೆ ಕಾರಣ ವಿಡಿಯೋದಲ್ಲೇ ಇದೆ. ಬ್ರಷ್ಷನ್ನು ಪೆನ್ನಿನ ಹಾಗೆ, ಕೂದಲಿನ ಬುಡದಲ್ಲೇ ಹಿಡಿದಿದ್ದೀಯ. ಮೂಗು ಕ್ಯಾನ್ವಾಸಿಗೆ ತಾಗುವುದೊಂದು ಬಾಕಿ. ಅಷ್ಟು ಹತ್ತಿರದಿಂದ ಅಜ್ಜಿಯ ರೆಪ್ಪೆ ಕಾಣಬಹುದು, ಅಜ್ಜಿ ಕಾಣುವುದಿಲ್ಲ.

ಆಯಿಲ್ ಪೇಂಟಿನ ಬ್ರಷ್ಷಿನ ಹಿಡಿ ಒಂದಡಿ ಉದ್ದ ಇರುವುದು ಸುಮ್ನೆ ಅಲ್ಲ. ವಾಟರ್‌ಕಲರ್ ಬ್ರಷ್ ಗಿಡ್ಡ, ಯಾಕೆಂದರೆ ಅಲ್ಲಿ ಮೇಜಿನ ಮೇಲೆ ಬಗ್ಗಿ ಕೆಲಸ. ಆಯಿಲ್‌ಗೆ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಮುಂದೆ ನಿಲ್ಲುತ್ತೀಯ. ಹಿಡಿಯ ತುದಿ ಹಿಡಿದರೆ ಮಣಿಕಟ್ಟಿನ ಚಪಲ ನಿಂತು, ಕೆಲಸ ಭುಜಕ್ಕೆ ಹೋಗುತ್ತದೆ. ಭುಜಕ್ಕೆ ರೆಪ್ಪೆ ಬಿಡಿಸಲು ಬರುವುದಿಲ್ಲ. ಕೆನ್ನೆಯ ನೆರಳನ್ನು ಮಾತ್ರ ಒಂದೇ ಎಳೆತಕ್ಕೆ ಹಾಕುತ್ತದೆ. ಅಜ್ಜಿ ರಂಗೋಲಿ ಹಾಕುವಾಗ ನೋಡಿದ್ದೀಯಲ್ಲ? ದೊಡ್ಡ ಎಳೆ ಬಂದಾಗ ಇಡೀ ತೋಳನ್ನೇ ಬೀಸುತ್ತಾಳೆ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಗೇನ್ಸ್‌ಬರೋ ಸುಮಾರು 6 ಅಡಿ ಕೋಲಿಗೆ ಬ್ರಷ್ ಸಿಕ್ಕಿಸಿ ಭಾವಚಿತ್ರ ಬರೆಯುತ್ತಿದ್ದನಂತೆ. ಎದುರು ಕೂತವರಿಂದ ಎಷ್ಟು ದೂರವೋ, ಕ್ಯಾನ್ವಾಸಿನಿಂದಲೂ ಅಷ್ಟೇ ದೂರ. ಎರಡನ್ನೂ ಒಂದೇ ಕಣ್ಣಳತೆಯಲ್ಲಿ ನೋಡಬಹುದು, ಅಲ್ವಾ? ಚಿತ್ರಕಾರ ಮಾಟಿಸ್ 1931ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಒಂದು ದೊಡ್ಡ ಭಿತ್ತಿಚಿತ್ರಕ್ಕೆ ಕೈ ಹಾಕಿದ. ಉದ್ದ ಬಿದಿರಿನ ತುದಿಗೆ ಇದ್ದಿಲು ಕಟ್ಟಿ ಕುಣಿಯುವವರ ಗೆರೆಗಳನ್ನು ಎಳೆದ. ಪಾಪ, ಗೋಡೆಯ ಅಳತೆಯೇ ತಪ್ಪಿತ್ತು. ಮತ್ತೆ ಹೊಸದಾಗಿ ಬರೆದು, ಮುಗಿಸುವಷ್ಟರಲ್ಲಿ 1933.

ಅವನ ಗೆರೆ ನೋಡಿ ನನಗೂ ಹುಚ್ಚು ಹತ್ತಿತು. ಹೋದ ಭಾನುವಾರ ಬ್ರಷ್ಷನ್ನು ಕೋಲಿಗೆ ಕಟ್ಟಿ ಹಿತ್ತಲಿನ ಪಪ್ಪಾಯಿ ಗಿಡ ಬರೆದೆ. ಮೊದಲ ಅರ್ಧ ಗಂಟೆ ಕಾಂಡ ಒಂದು ಕಡೆ, ಗೆರೆ ಇನ್ನೊಂದು ಕಡೆ. ಬಣ್ಣ ತೆಳು ಮಾಡುವ ಟರ್ಪೆಂಟೈನ್ ಜಾಸ್ತಿಯಾಗಿ ಬಣ್ಣ ಕೋಲಿನ ಮೇಲೆ ಇಳಿದು ಅಂಗಿಗೂ ಬಂತು. ಆಮೇಲೆ ಎಲೆಗಳನ್ನು ಎಣಿಸುವುದು ಬಿಟ್ಟೆ. ಎಣಿಸಲು ಆಗುತ್ತಲೂ ಇರಲಿಲ್ಲ ಅನ್ನು. ಆಗ ಗಿಡ ಸ್ವಲ್ಪ ಗಾಳಿಗೆ ಅಲ್ಲಾಡಿದ ಹಾಗೆ ಕಂಡಿತು.

ನೀನು ಅಜ್ಜಿಯ ಚಿತ್ರದ ಮೇಲೆಯೇ ಶುರು ಮಾಡಬೇಡ. ಗೋಡೆಗೆ ಹಳೇ ಪೇಪರ್ ಅಂಟಿಸಿ ಇದ್ದಿಲಿನಲ್ಲಿ ಎರಡು ದಿನ ಕೈ ಪಳಗಿಸು. ಆಮೇಲೆ ಇರುವುದರಲ್ಲೇ ದೊಡ್ಡ ಬ್ರಷ್ ತಗೋ. ಕೊನೆಗೆ ಕಣ್ಣಿಗೆ ಬಂದಾಗ ಬೇಕಿದ್ದರೆ ಹತ್ತಿರ ಹಿಡಿ. ಅಲ್ಲೂ ದೂರದಿಂದಲೇ ಬರೆಯಬೇಕು ಅನ್ನುವ ಹಟ ನನಗಿಲ್ಲ.

ಇನ್ನೊಂದು ವಿಷಯ. ಜೇಡರಬಲೆ ತೆಗೆಯುವ ಕೋಲು ಎಲ್ಲಿ ಅಂತ ಅಮ್ಮ ನಾಲ್ಕು ದಿನದಿಂದ ಹುಡುಕುತ್ತಿದ್ದಾಳೆ. ಫೋನ್ ಮಾಡಿದಾಗ ಬಾಯಿ ಬಿಡಬೇಡ.

ನಿನ್ನ,
ಅಪ್ಪ