ಟಾಕೀಸು ಕೆಡವುವ ಮುಂಚೆ ಒಮ್ಮೆ ಒಳಗೆ ಬಂದು ನೋಡಿ

ಮಾನ್ಯರೇ,

ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವ ಹಳೇ ಟಾಕೀಸಿಗೆ ಬೀಗ ಬಿದ್ದು ಬಹಳ ವರ್ಷ ಆಯ್ತು. ಈಗ ಅದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಮಾಲೀಕರ ಕಷ್ಟ ಅರ್ಥವಾಗುತ್ತದೆ, ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಹೊಸ ಪ್ರೊಜೆಕ್ಟರಿಗೆ ದುಡ್ಡು ಹಾಕಲಾಗದೆ ಎಷ್ಟೋ ಊರುಗಳಲ್ಲಿ ಟಾಕೀಸು ಮುಚ್ಚಿದವು. ಆದರೂ ಸುಮ್ನೆ ಕೂರೋಕೆ ಮನಸ್ಸು ಒಪ್ಪುತ್ತಿಲ್ಲ.

ಅದರ ನೆಲಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ. ಕಲಬುರಗಿ ಬೇಸಿಗೆ ಗೊತ್ತಲ್ವಾ? ಮಟಮಟ ಮಧ್ಯಾಹ್ನ ನೆಲದ ಟಿಕೆಟ್ ತಗೊಂಡು ಆ ಕಲ್ಲಿನ ಮೇಲೆ ಕೂತರೆ ಮೈಯೆಲ್ಲ ತಣ್ಣಗಾಗುತ್ತಿತ್ತು. ಪ್ರೊಜೆಕ್ಟರಿನಲ್ಲಿ ಆಗ ಬಲ್ಬ್ ಇರಲಿಲ್ಲ, ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರಿದು ಬೆಳಕು ಕೊಡುತ್ತಿದ್ದವು. ಕಡ್ಡಿ ಸವೆದಂತೆ ಆಪರೇಟರ್ ಹತ್ತಿರ ಸರಿಸುತ್ತಿರಬೇಕು, ಸ್ವಲ್ಪ ಮರೆತರೂ ಪರದೆ ಮಂಕಾಗಿ ನೆಲದವರೆಲ್ಲ ಸಿಳ್ಳೆ ಹೊಡೆಯುತ್ತಿದ್ದರು. ಉರಿದು ಉಳಿದ ತಾಮ್ರಬಣ್ಣದ ತುಂಡುಗಳನ್ನು ಹಿಂದಿನ ಗೋಡೆ ಹತ್ತಿರ ಆಯ್ದುಕೊಳ್ಳೋಕೆ ನಾವು ಹುಡುಗರು ಜಗಳ ಆಡುತ್ತಿದ್ದೆವು. ಪರದೆ ಮುಂದಿನ ಕಟ್ಟೆ ಮೇಲೆ ನಾಟಕವೂ ಆಗುತ್ತಿತ್ತು. ನಮ್ಮ ಕಾಕಾ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡಿದ್ದು ಅಲ್ಲೇ. ಕನ್ನಡ, ಉರ್ದು, ಮರಾಠಿ, ತೆಲುಗು ಮಾತಾಡೋರೆಲ್ಲ ಒಂದೇ ಸಾಲಲ್ಲಿ ಕೂತು ಅತ್ತಿದ್ದೂ ಅಲ್ಲೇ.

ಮುಂಬೈ ಸಿನಿಮಾ ಪೋಸ್ಟರ್‌ಗಳಿಗೆ ಚಿತ್ರ ಬರೆದು ಹೆಸರಾದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ನಮ್ಮ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಅಂಥ ಊರಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಗೋಡೆಗಳು ಒಂದೊಂದಾಗಿ ಬೀಳುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ಕಾಯೋಕೆ ಪುರಾತತ್ವ ಇಲಾಖೆ ಇದೆ, ಒಳ್ಳೇದು. ಆದರೆ ಕೇಂದ್ರದ 1958ರ ಕಾಯ್ದೆ ಪ್ರಕಾರ ಸ್ಮಾರಕ ಅನ್ನಿಸಿಕೊಳ್ಳೋಕೆ ಕಟ್ಟಡಕ್ಕೆ ಕಡಿಮೆ ಅಂದರೂ 100 ವರ್ಷ ಆಗಿರಬೇಕು. ಅಷ್ಟು ವಯಸ್ಸಾಗದ ಟಾಕೀಸು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಇದನ್ನು ಉಳಿಸಬೇಕಾದವರು ಊರಿನವರು, ಪಾಲಿಕೆಯವರು, ಮಾಲೀಕರು.

ಅಂಗಡಿ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಸೈಕಲ್ ಸ್ಟ್ಯಾಂಡಿನ ಜಾಗ ದೊಡ್ಡದಿದೆ, ಅಲ್ಲಿ ಕಟ್ಟಿ. ಮುಂದಿನ ಗೋಡೆ, ಟಿಕೆಟ್ ಕಿಟಕಿ, ಆ ಕಟ್ಟೆ ಇರಲಿ. ನಮ್ಮ ಹವ್ಯಾಸಿ ನಾಟಕದ ಹುಡುಗರು ತಾಲೀಮಿಗೆ ಜಾಗ ಇಲ್ಲದೆ ಮನೆ ಮಾಳಿಗೆ ಮೇಲೆ ಮಾತು ಒಪ್ಪಿಸುತ್ತಿದ್ದಾರೆ, ಕಡಿಮೆ ಬಾಡಿಗೆಗೆ ಅವರಿಗೆ ಹಾಲ್ ಕೊಡಿ. ಇದ್ಯಾವುದೂ ಆಗದಿದ್ದರೆ ಕೆಡವುವ ಮುಂಚೆ ಫೋಟೋ ತೆಗೆದು, ಅಳತೆಯ ನಕ್ಷೆಯನ್ನಾದರೂ ಮಾಡಿಸಿ ಇಡಿ. ಆ ಹಳೇ ಪ್ರೊಜೆಕ್ಟರ್ ಇನ್ನೂ ಮೇಲಿನ ಕೋಣೆಯಲ್ಲೇ ಇದೆ ಅಂತ ಕೇಳಿದ್ದೇನೆ. ಅದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಒಬ್ಬ ಓದುಗ, ಕಲಬುರಗಿ